ಸಹಾಯ ಬೇಕು: ಮೇಲ್‌ಚಿಂಪ್ ಪಟ್ಟಿಯ ಬ್ಯಾಕಪ್ ಪೋಸ್ಟ್‌ಗ್ರೆಸ್‌ನಲ್ಲಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಸಗಟು ಮಾರುವ ಸಣ್ಣ ಘಟಕವೊಂದರ ಲೆಕ್ಕಪತ್ರದ ಜೊತೆಗೆ ಕಂಪ್ಯೂಟರ್ ಕೆಲಸವೂ ನನ್ನದೇ. ಅನೇಕರಿಗೆ ಒಟ್ಟಿಗೆ ಇಮೇಲ್ ಕಳಿಸುವ ಸೇವೆಯಾದ ಮೇಲ್‌ಚಿಂಪ್‌ನಲ್ಲಿರುವ ನಮ್ಮ ಸುಮಾರು 18,000 ವ್ಯಾಪಾರಿಗಳ ವಿವರವನ್ನು ಪ್ರತಿ ರಾತ್ರಿ ನಮ್ಮದೇ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ತಂದಿಡಲು ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೇನೆ. (ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದಾಗ ಮೊಬೈಲ್ ಸಂಖ್ಯೆಗಳೆಲ್ಲ 9.19ಇ+11 ಆದವು, ಆ ದಾರಿ ಬೇಡವೆನಿಸಿತು.)

ಮೇಲ್‌ಚಿಂಪ್‌ನ ಎಪಿಐ (ಸ್ಕ್ರಿಪ್ಟ್‌ಗಳು ಮಾಹಿತಿ ಕೇಳಿ ಪಡೆಯುವ ದಾರಿ) ಒಂದು ಸಲಕ್ಕೆ ಹೆಚ್ಚೆಂದರೆ 1,000 ಸದಸ್ಯರನ್ನಷ್ಟೇ ಕೊಡುವುದರಿಂದ ಆಫ್‌ಸೆಟ್ (ಮೊದಲ ಎಷ್ಟು ಜನರನ್ನು ಬಿಟ್ಟು ಓದಬೇಕೆಂಬ ಸಂಖ್ಯೆ) ಹೆಚ್ಚಿಸುತ್ತ ಪುಟಪುಟವಾಗಿ ಓದುತ್ತೇನೆ. ಓದುತ್ತಿರುವಾಗಲೇ ಯಾರನ್ನಾದರೂ ಪಟ್ಟಿಯಿಂದ ಅಳಿಸಿದರೆ ಉಳಿದವರು ಒಂದು ಸ್ಥಾನ ಮುಂದೆ ಸರಿದು, ಮುಂದಿನ ಪುಟದ ಮೊದಲಿನವರು ತಪ್ಪಿಹೋಗುತ್ತಾರೆ. ಇದಕ್ಕಿಂತ ದೊಡ್ಡ ತೊಡಕು ಪ್ರೈಮರಿ ಕೀಯದು, ಅಂದರೆ ಟೇಬಲ್‌ನ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಮೌಲ್ಯದ್ದು. ಸಣ್ಣಕ್ಷರದ ಇಮೇಲ್‌ನ ಎಂಡಿ5 ಹ್ಯಾಶ್ ಅನ್ನೇ (ಇಮೇಲ್‌ನಿಂದ ಲೆಕ್ಕಹಾಕಿ ಪಡೆಯುವ ಅಕ್ಷರ-ಅಂಕಿಗಳ ಗುರುತು) ಕೀ ಮಾಡಿಕೊಂಡದ್ದು ನನ್ನ ಅವಸರದ ತಪ್ಪು. ವ್ಯಾಪಾರಿ ಇಮೇಲ್ ಬದಲಿಸಿದೊಡನೆ ಹ್ಯಾಶ್ ಕೂಡ ಬದಲಾಗಿ, ಒಬ್ಬರೇ ಎರಡು ಸಾಲುಗಳಾಗುತ್ತಾರೆ.

ನಮ್ಮದೇ ಕ್ರಮಸಂಖ್ಯೆಯನ್ನು ಕೀ ಮಾಡಿ ಹ್ಯಾಶ್‌ಗಳಿಗೆ ಪ್ರತ್ಯೇಕ ಟೇಬಲ್ ಇಡುವುದು ಸರಿಯೇ? ಪಟ್ಟಿಯಿಂದ ಪಟ್ಟಿಗೆ ಬೇರೆಯಾಗುವ ಮರ್ಜ್ ಫೀಲ್ಡ್‌ಗಳಿಗೆ (ಹೆಸರು, ಫೋನ್‌ನಂಥ ಸದಸ್ಯರ ವಿವರಗಳು) ಜೆಸನ್‌ಬಿ ಕಾಲಂ (ಹಲವು ಬಗೆಯ ವಿವರಗಳನ್ನು ಒಂದೇ ಕಡೆ ಇಡಬಲ್ಲ ಪೋಸ್ಟ್‌ಗ್ರೆಸ್ ಕಾಲಂ) ಸಾಕೇ? ಈ ಕೆಲಸ ಮಾಡಿದವರು ತಮ್ಮ ಟೇಬಲ್‌ಗಳ ವಿನ್ಯಾಸ ಹಂಚಿಕೊಂಡರೆ ಉಪಕಾರವಾಗುತ್ತದೆ.