46ರ ಕ್ರೌನ್ ಪ್ರಿಪರೇಷನ್: ಜಾಸ್ತಿ ಕೊರೆದವನಿಗೆ ಹಸಿರು, ಚೆನ್ನಾಗಿ ಕೊರೆದವಳಿಗೆ ಕೆಂಪು. ಯಾಕೆ?

ಫ್ಯಾಂಟಮ್_ಲ್ಯಾಬ್
ನಮಸ್ಕಾರ. ತಲೆ ಕೆಟ್ಟುಹೋಗಿದೆ. ಬಿಡಿಎಸ್ ಮಕ್ಕಳ ಪ್ರಿಕ್ಲಿನಿಕಲ್ ಟೆಸ್ಟ್, ಪ್ಲಾಸ್ಟಿಕ್ ಹಲ್ಲಿನ ಮೇಲೆ: 46ಕ್ಕೆ (ಕೆಳಗಡೆ ಬಲಬದಿಯ ಮೊದಲ ಮೋಲಾರ್, ಅಂದರೆ ದವಡೆಹಲ್ಲು) ಫುಲ್ ಮೆಟಲ್ ಕ್ರೌನ್, ಲೋಹದ ಟೋಪಿ ಕೂರುವ ಹಾಗೆ ಹಲ್ಲು ಕೊರೆಯೋದು. ಕಣ್ಣಳತೆಯಲ್ಲಿ ನಾನು 7 ಕೊಟ್ಟ ಹಲ್ಲಿಗೆ ನಮ್ಮ ಮೇಡಂ 4 ಕೊಡುತ್ತಾರೆ. ಈ ಜಗಳವೇ ಬೇಡ ಅಂತ ಈ ಸಲ ಎಲ್ಲ ಹಲ್ಲುಗಳನ್ನೂ ಸ್ಕ್ಯಾನ್ ಮಾಡಿ, ಎಸ್‌ಟಿಎಲ್ ಫೈಲನ್ನು (ಹಲ್ಲಿನ 3ಡಿ ಆಕಾರ) ಹೋಲಿಕೆಯ ಸಾಫ್ಟ್‌ವೇರ್ ಕ್ಲೌಡ್‌ಕಂಪೇರ್‌ಗೆ ಹಾಕಿ, ಮಾದರಿಯಾಗಿ ಕೊರೆದ ಮಾಸ್ಟರ್ ಹಲ್ಲಿನ ಜೊತೆ ಹೋಲಿಸಿದೆ. ವ್ಯತ್ಯಾಸ 0.3 ಮಿ.ಮೀ. ಒಳಗಿದ್ದರೆ ಹಸಿರು, ಮೀರಿದರೆ ಕೆಂಪು.

ಒಬ್ಬ ಹುಡುಗ ಅಕ್ಲೂಸಲ್‌ನಲ್ಲಿ (ಅಗಿಯುವ ಮೇಲ್ಭಾಗ) ಅರ್ಧ ಮಿ.ಮೀ. ಜಾಸ್ತಿಯೇ ತೆಗೆದಿದ್ದಾನೆ. ಎದುರು ಹಲ್ಲು ಕಚ್ಚಿಸಿದರೆ ನಡುವೆ ಕಿಟಕಿ ತೆರೆದ ಹಾಗಿದೆ. ಅವನ ಅಕ್ಲೂಸಲ್ ಪೂರ್ತಿ ಹಸಿರು! ಮಾರ್ಜಿನ್ (ಕೊರೆದ ಭಾಗ ಮುಗಿಯುವ ಅಂಚು) ಮಾತ್ರ ಕೆಂಪು. ಪ್ರೋಬ್ (ತೆಳು ಲೋಹದ ಕಡ್ಡಿ) ಎಳೆದರೆ ಆ ಮಾರ್ಜಿನ್ ಬೆಣ್ಣೆ. ಇನ್ನೊಬ್ಬಳದು ಬ್ಯಾಚಿನಲ್ಲೇ ಚೆಂದದ ಕೆಲಸ, ಅವಳ ಮಾರ್ಜಿನ್ ಸುತ್ತಲೂ ಕೆಂಪು. ಸೋಮವಾರ ಅಂಕ ಹಾಕಬೇಕು. ಯಾರಾದರೂ ಹೇಳಿ.

ಬರ್‌ಬಾಕ್ಸ್
ಸ್ಕ್ಯಾನರ್ ಕ್ಯಾಲಿಬ್ರೇಟ್ ಮಾಡಿದ್ದೀರಾ? ಪ್ಲಾಸ್ಟಿಕ್ ಹಲ್ಲು ಹೊಳೆಯುತ್ತದೆ. ಸ್ಪ್ರೇ ಹೊಡೆಯಿರಿ.

ಫ್ಯಾಂಟಮ್_ಲ್ಯಾಬ್
ಬೆಳಿಗ್ಗೆಯೇ ಮಾಡಿದ್ದೆ ಸರ್.

ಬರ್‌ಬಾಕ್ಸ್
ಇನ್ನೊಮ್ಮೆ ಮಾಡಿ. ಟಿಪ್ ಒರೆಸಿ. ನೂರಕ್ಕೆ ನೂರು ಸ್ಪ್ರೇದೇ ಸಮಸ್ಯೆ.

ಚ್ಯಾಂಫರ್_ಮಾವ
ಈ ಸ್ಕ್ಯಾನ್‌ಗೀನ್ ಎಲ್ಲ ಸುಮ್ನೆ. ಕೊರೆಯುವ ಮುಂಚೆ ಪುಟ್ಟಿ ಇಂಡೆಕ್ಸ್ (ಹಲ್ಲಿನ ಅಚ್ಚು) ತೆಗೆದುಕೊಳ್ಳಿ, ಕೆನ್ನೆ ಕಡೆಯ ಬಕ್ಕಲ್‌ನಿಂದ ನಾಲಿಗೆ ಕಡೆಯ ಲಿಂಗ್ವಲ್‌ಗೆ ಬ್ಲೇಡಿನಲ್ಲಿ ಸೀಳಿ, ಮತ್ತೆ ಕೂರಿಸಿ, ನಡುವಿನ ಜಾಗವನ್ನು ಪ್ರೋಬ್‌ನಲ್ಲಿ ಅಳೆಯಿರಿ. ಬಕ್ಕಲ್ ಕಸ್ಪ್ (ಹಲ್ಲಿನ ಮೊನೆ) 1.5 ಮಿ.ಮೀ., ಲಿಂಗ್ವಲ್ 1, ಚ್ಯಾಂಫರ್ (ಮಾರ್ಜಿನ್‌ನ ದುಂಡು ಅಂಚು) 0.5. ಮುಗೀತು. ಟೇಪರ್ (ಕೊರೆದ ಗೋಡೆಗಳ ಓರೆ) 6 ಡಿಗ್ರಿ ಇದ್ದರೆ ಪಾಸ್.

ಮಲೆನಾಡ_ಹಲ್ಲು
ಮಾವ, ವಿಲಿಯಮ್ಸ್ ಪ್ರೋಬಲ್ಲಿ 1, 2, 3 ಆದಮೇಲೆ ನೇರ 5. 1.5ರ ಗೆರೆ ಎಲ್ಲಿದೆ ತೋರಿಸಿ! ಆ ಅರ್ಧವನ್ನು ಕಣ್ಣಲ್ಲೇ ಅಂದಾಜು ಮಾಡಬೇಕು. ಇವರು 7, ಮೇಡಂ 4 ಆಗೋದು ಅಲ್ಲೇ ಅಲ್ವಾ? ಇನ್ನು 6 ಡಿಗ್ರಿ ಅಂದರೆ ಒಂದು ಬದಿಗಾ, ಎರಡೂ ಸೇರಿಯಾ?

ಚ್ಯಾಂಫರ್_ಮಾವ
ಎರಡೂ ಸೇರಿ. ಬದಿಗೆ 3. ಇದೂ ಗೊತ್ತಿಲ್ಲವಾ?

ಮಲೆನಾಡ_ಹಲ್ಲು
ಗೊತ್ತಿದೆ. ಬಾಯೊಳಗೆ ಅದನ್ನು ಸಾಧಿಸಿದವರು ಮಾತ್ರ ಗೊತ್ತಿಲ್ಲ. ಈಗ 10ರಿಂದ 20 ಡಿಗ್ರಿ ಅಂತ ಪಾಠ ಮಾಡುತ್ತಾರೆ. ಮೋಲಾರ್‌ಗೆ 4 ಮಿ.ಮೀ. ಎತ್ತರ ಉಳಿದಿದ್ದರೆ ಕ್ರೌನ್ ನಿಲ್ಲುತ್ತದೆ.

ಚ್ಯಾಂಫರ್_ಮಾವ
ನಾವು ಒಂದು ಕಣ್ಣು ಮುಚ್ಚಿ, ಒಂದಡಿ ದೂರದಿಂದ ನೋಡಿ ಅಂಡರ್‌ಕಟ್ (ಕ್ರೌನ್ ಇಳಿಯಲು ಬಿಡದ ಒಳಸರಿದ ಜಾಗ) ಹಿಡಿಯುತ್ತಿದ್ದೆವು. ಎರಡೂ ಕಣ್ಣು ತೆರೆದು ನೋಡಿದರೆ ಅದು ತಪ್ಪಿಸಿಕೊಳ್ಳುತ್ತದೆ. ಈಗಿನವರಿಗೆ ಬಣ್ಣದ ಚಿತ್ರ ಬೇಕು.

ಲೂಪ್ಸ್_ಪ್ರಿಯ
ನಾನು ಎಲೆಕ್ಟ್ರಿಕ್ ಹ್ಯಾಂಡ್‌ಪೀಸ್‌ಗೆ ಬದಲಾಯಿಸಿದ ಮೇಲೆ ಏರೋಟರ್ ಮುಟ್ಟಿಲ್ಲ. ಜೊತೆಗೆ 3.5 ಎಕ್ಸ್ ಲೂಪ್ಸ್, ಹೆಡ್‌ಲೈಟ್ ಬೇರೆ. ಫೋಟೋ ಹಾಕಲಾ?

ಎಸ್‌ಟಿಎಲ್_ಅಕ್ಕ
ಬೇಡ ಸರ್. ಫ್ಯಾಂಟಮ್ ಅವರೇ, ಹಲ್ಲನ್ನು ದವಡೆಯಲ್ಲೇ ಇಟ್ಟು ಸ್ಕ್ಯಾನ್ ಮಾಡಿದಿರಾ, ಬಿಚ್ಚಿಯಾ?

ಫ್ಯಾಂಟಮ್_ಲ್ಯಾಬ್
ಬಿಚ್ಚಿಯೇ ಮೇಡಂ. ಸ್ಕ್ರೂ ತೆಗೆದು, ಪುಟ್ಟಿ ಉಂಡೆಯಲ್ಲಿ ಕುತ್ತಿಗೆವರೆಗೆ ನೆಟ್ಟು ಸ್ಕ್ಯಾನ್ ಮಾಡಿದೆ. ಅರವತ್ತು ಹಲ್ಲು, ಬೇಗ ಆಗಲಿ ಅಂತ.

ಎಸ್‌ಟಿಎಲ್_ಅಕ್ಕ
ಇದನ್ನು ಮೊದಲೇ ಹೇಳಬಾರದಾ! ಬೇರು ಪುಟ್ಟಿಯೊಳಗೆ ಹೋಯಿತು, ಪಕ್ಕದ ಹಲ್ಲುಗಳಿಲ್ಲ. ಕೊರೆಯದೆ ಉಳಿದ ಜಾಗ ನಿಮ್ಮ ಫೈಲಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಎರಡು ಸ್ಕ್ಯಾನ್‌ಗಳನ್ನು ಹೊಂದಿಸುವ ಐಸಿಪಿ ಏನು ಮಾಡುತ್ತದೆ? ಎರಡು ಮೇಲ್ಮೈ ಒಟ್ಟಾರೆ ಹತ್ತಿರ ಬರುವ ಹಾಗೆ ಜರುಗಿಸುತ್ತದೆ. ಅಕ್ಲೂಸಲ್ ಅಗಲವಾದ ಜಾಗ, ಚ್ಯಾಂಫರ್ ಸಣ್ಣ ಪಟ್ಟಿ. ಹುಡುಗನ ಹಲ್ಲನ್ನು ಪೂರ್ತಿಯಾಗಿ ಮೇಲಕ್ಕೆ ಎತ್ತಿ ಅಕ್ಲೂಸಲ್‌ಗೆ ಹೊಂದಿಸಿದೆ. ಅಲ್ಲಿನ ತಪ್ಪು ಮಾರ್ಜಿನ್‌ಗೆ ಹೋಗಿ ಕೂತಿದೆ.

ಹಲ್ಲನ್ನು ವಾಪಸ್ ದವಡೆಗೆ ಹಾಕಿ, ಸ್ಕ್ರೂ ಬಿಗಿ ಮಾಡಿ, ಅಕ್ಕಪಕ್ಕದ 45, 47 ಸೇರಿಸಿ ಸ್ಕ್ಯಾನ್ ಮಾಡಿ. ಮಾಸ್ಟರ್ ಕೂಡ ಅದೇ ದವಡೆಯಲ್ಲಿ. ಆಮೇಲೆ ಕತ್ತರಿ ಟೂಲಿನಿಂದ 45, 47 ಮಾತ್ರ ಬೇರೆ ಮಾಡಿ ಐಸಿಪಿ ಕೊಡಿ. ಕೆಳಗಿನ ಕನ್ಸೋಲ್‌ನಲ್ಲಿ ಬರುವ ಮ್ಯಾಟ್ರಿಕ್ಸ್ (ಎಷ್ಟು ಜರುಗಿಸಿತು ಅನ್ನುವ ಲೆಕ್ಕ) ಕಾಪಿ ಮಾಡಿ, ಅಪ್ಲೈ ಟ್ರಾನ್ಸ್‌ಫರ್ಮೇಷನ್‌ನಲ್ಲಿ 46ಕ್ಕೆ ಅನ್ವಯಿಸಿ. ಅಡ್ಜಸ್ಟ್ ಸ್ಕೇಲ್ ಟಿಕ್ ಆಗಿದ್ದರೆ ತೆಗೆಯಿರಿ, ಇಲ್ಲದಿದ್ದರೆ ಸಣ್ಣ ಹಲ್ಲನ್ನು ಹಿಗ್ಗಿಸಿಬಿಡುತ್ತದೆ.

ಬರ್‌ಬಾಕ್ಸ್
ಜೊತೆಗೆ ಸ್ಪ್ರೇ ಕೂಡ ಹೊಡೆಯಿರಿ.

ಫ್ಯಾಂಟಮ್_ಲ್ಯಾಬ್
ರಾತ್ರಿ ಹನ್ನೊಂದಕ್ಕೆ ಬರೆಯುತ್ತಿದ್ದೇನೆ. ಸದ್ಯಕ್ಕೆ ಎಂಟು ಹಲ್ಲು ಆಯಿತು. ಅಕ್ಕ, ಹುಡುಗನ ಅಕ್ಲೂಸಲ್ ಈಗ ಕೆಂಪು, ಮಾರ್ಜಿನ್ ಹಸಿರು. ನನ್ನ ಕಣ್ಣಿಗೆ ಕಂಡದ್ದೇ ಬಂತು. ಆದರೆ ಹುಡುಗಿಯ ಮಾರ್ಜಿನ್ ಇನ್ನೂ ಸುತ್ತಲೂ ಕೆಂಪು. ಇನ್ನೂ ನಾಲ್ಕು ಜನರದ್ದು ಹಾಗೇ.

ಬರ್‌ಬಾಕ್ಸ್
ನೋಡಿದಿರಾ, ಹೊಳಪು.

ಎಸ್‌ಟಿಎಲ್_ಅಕ್ಕ
ಮಾಸ್ಟರ್ ಹಲ್ಲು ಕೊರೆದವರು ಯಾರು? ಮಾರ್ಜಿನ್ ಎಲ್ಲಿದೆ?

ಫ್ಯಾಂಟಮ್_ಲ್ಯಾಬ್
ನಾನೇ. ಒಸಡಿನ ಸಮಕ್ಕೆ.

ಎಸ್‌ಟಿಎಲ್_ಅಕ್ಕ
ಮಕ್ಕಳಿಗೆ ಡೆಮೊದಲ್ಲಿ ಎಲ್ಲಿಡಲು ಹೇಳಿದ್ದಿರಿ?

ಫ್ಯಾಂಟಮ್_ಲ್ಯಾಬ್
…ಒಸಡಿನಿಂದ ಅರ್ಧ ಮಿ.ಮೀ. ಮೇಲೆ.

ಮಲೆನಾಡ_ಹಲ್ಲು
ಅಯ್ಯೋ ಸರ್. ಹೇಳಿದ ಮಾತು ಕೇಳಿದವರಿಗೇ ಕೆಂಪು!

ಫ್ಯಾಂಟಮ್_ಲ್ಯಾಬ್
ಮಾಸ್ಟರ್ ಮತ್ತೆ ಕೊರೆಯಬೇಕು. ಹೊಸ 46 ಹಲ್ಲು ಲ್ಯಾಬಿನಲ್ಲಿ ಒಂದೂ ಇಲ್ಲ. ಸ್ಟೋರಿಗೆ ಇಂಡೆಂಟ್ ಹಾಕಿದ್ದೇನೆ, ಸೋಮವಾರದೊಳಗೆ ಬರೋದಿಲ್ಲ. ಈ ಸಲಕ್ಕೆ ಮಾರ್ಜಿನ್‌ಗೆ ಕೈಯಲ್ಲೇ ಅಂಕ ಹಾಕುತ್ತೇನೆ. ಮೇಡಂ ಜೊತೆ ಮತ್ತೆ ಜಗಳ.

ಚ್ಯಾಂಫರ್_ಮಾವ
ಪ್ರೋಬ್ ಇದೆ ತಾನೇ?

ಲೂಪ್ಸ್_ಪ್ರಿಯ
ಫೋಟೋ ಕೆಳಗೆ ಹಾಕಿದ್ದೇನೆ. ಹೆಡ್‌ಲೈಟ್ ಬ್ಯಾಟರಿ ಬೆಲ್ಟಿಗೆ ಸಿಕ್ಕಿಸಬಹುದು.