ಅಪ್‌ಡೇಟ್: ಬೈಬಲ್ ಓದಿದರೂ ಮನಸ್ಸಿಗೆ ಇಳಿಯುತ್ತಿಲ್ಲ ಅಂತ ಕೇಳಿದ್ದೆ

ಎಲ್ಲರಿಗೂ ನಮಸ್ಕಾರ. ಯಜಮಾನರ ವರ್ಕ್‌ಶಾಪ್ ಮುಚ್ಚಿದ ಮೇಲೆ ಪ್ರಾರ್ಥನೆಗೆ ಕೂತರೆ ಬರೀ ಅಳು ಬರುತ್ತದೆ, ವಾಕ್ಯ ಓದಿದರೂ ಏನೂ ಮನಸ್ಸಿಗೆ ಇಳಿಯುತ್ತಿಲ್ಲ, ಏನು ಮಾಡಲಿ ಅಂತ 12 ದಿನದ ಹಿಂದೆ ಕೇಳಿದ್ದೆ.

ದಿನಕ್ಕೆ 4 ಅಧ್ಯಾಯ ಓದಿ ಅಂದವರಿದ್ದರು. ಮೂರು ದಿನ ಓದಿದೆ. ಕಣ್ಣು ಸುಮ್ನೆ ಓಡುತ್ತಿತ್ತು, ಮನಸ್ಸು ಮನೆ ಬಾಡಿಗೆಯ ಲೆಕ್ಕದಲ್ಲೇ ಇತ್ತು. ಉಪವಾಸ ಮಾಡಿ ಅಂದವರೂ ಇದ್ದರು, ಆದರೆ ನನಗೆ ಶುಗರ್ ಇದೆ, ಹಾಗಾಗಿ ಮಾಡಲಿಲ್ಲ.

ಕೈ ಹಿಡಿದದ್ದು ಒಬ್ಬ ಅಕ್ಕ ಹೇಳಿದ ಮಾತು: ಬೈಬಲಿನ ಕೀರ್ತನೆಗಳ ಪುಸ್ತಕದ 13ನೇ ಕೀರ್ತನೆ ಒಂದನ್ನೇ ದಿನಾ ಗಟ್ಟಿಯಾಗಿ ಓದು. ಆರೇ ವಚನ. ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ಅತ್ತೆಯವರು ಒಲೆ ಪಕ್ಕ ಕೂತು ಓದುತ್ತಾರೆ. ಅವರ ಬೈಬಲಿನ ಆ ಪುಟದ ಮೂಲೆಯಲ್ಲಿ ಹಳೆಯ ಅರಿಸಿನದ ಕಲೆ ಇದೆ. ಮಾವ ತೀರಿಕೊಂಡ ವರ್ಷವೂ ಇದನ್ನೇ ಓದುತ್ತಿದ್ದರಂತೆ. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ದೇವರನ್ನು ‘ಇನ್ನೂ ಎಷ್ಟು ದಿನ?’ ಅಂತ ಕೇಳುವುದೇ ಅಪನಂಬಿಕೆ ಅಂದುಕೊಂಡಿದ್ದೆ. ಮೊದಲ ಎರಡು ವಚನದಲ್ಲೇ ಆ ಪ್ರಶ್ನೆ 4 ಸಲ ಬರುತ್ತದೆ! ನಿನ್ನ ಕೃಪೆಯನ್ನು ನಂಬಿದ್ದೇನೆ ಅನ್ನುವುದು ಅದಾದ ಮೇಲೆ. ಬೈಬಲಿನ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಕಾಯಿಲೆ ಮಗನ ತಂದೆಯೂ ಹಾಗೇ ಅಲ್ವಾ? ನಂಬುತ್ತೇನೆ, ನಂಬಿಕೆ ಸಾಲದಿದ್ದರೆ ನೀನೇ ಸಹಾಯ ಮಾಡು ಅಂತ ಯೇಸುವಿನ ಮುಂದೆ ಬೇಡಿಕೊಂಡ. ಅದನ್ನು ಓದಿ ನನ್ನ ಎದೆಯ ಭಾರ ಇಳಿಯಿತು.

ಯಜಮಾನರಿಗೆ ಕಾಯಂ ಕೆಲಸ ಇನ್ನೂ ಸಿಕ್ಕಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ದಿನಗೂಲಿಗೆ ಹೋಗುತ್ತಿದ್ದಾರೆ. ಮೊನ್ನೆ ರಾತ್ರಿ ಅವರೇ ‘ಆ ಕೀರ್ತನೆ ಇನ್ನೊಮ್ಮೆ ಓದು’ ಅಂದರು. ಅಕ್ಕಾ, ನಿಮಗೆ ತುಂಬಾ ಥ್ಯಾಂಕ್ಸ್.