ಹಾಯುವ ಹೋರಿಯನ್ನು ನೀವೆಲ್ಲ ಏನು ಮಾಡಿದಿರಿ? ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿ ತಾಲೂಕಿನಲ್ಲಿ. ಅಡಿಕೆ ತೋಟ, ಸ್ವಲ್ಪ ಗದ್ದೆ, ಕೊಟ್ಟಿಗೆಯಲ್ಲಿ ಏಳು ದನ. ಅದರಲ್ಲಿ ಒಂದು ಮೂರು ವರ್ಷದ ಜೆರ್ಸಿ ಕ್ರಾಸ್ ಹೋರಿ. ಅದು ಹುಟ್ಟಿದ ವಾರದಲ್ಲೇ ತಾಯಿ ಸತ್ತುಹೋಯಿತು. ಅಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ, ಅಡುಗೆಮನೆ ಹಿಂದೆ ಒಂದನ್ನೇ ಕಟ್ಟಿಕೊಂಡು ಸಾಕಿದ್ದು. ಹೋದ ವಾರ ಅಪ್ಪ ಹುಲ್ಲು ಹಾಕಲು ಹೋದಾಗ ಗೋಡೆಗೆ ಒತ್ತಿ ಹಿಡಿದಿದೆ. ಪಕ್ಕೆಲುಬು ಬಿರುಕು ಬಿಟ್ಟಿದೆ. ಅಪ್ಪನಿಗೆ 68. "ಅದು ಆಟಕ್ಕೆ ಮಾಡಿದ್ದು, ಮನೆ ಮಗು ಇದ್ದ ಹಾಗೆ" ಅಂತಾರೆ. ನಾನು ಬೆಂಗಳೂರಲ್ಲಿ ಇರೋದು, ರಾತ್ರಿ ನಿದ್ದೆ ಬರ್ತಿಲ್ಲ. ಬೀಜ ಒಡೆಸಿದರೆ (ಗಂಡುತನ ತೆಗೆಸಿದರೆ) ಸುಮ್ಮನಾಗುತ್ತಾ? ಯಾರಿಗಾದರೂ ಕೊಟ್ಟುಬಿಡೋದಾ? ಇಟ್ಟುಕೊಂಡವರು ಹೇಗೆ ಇಟ್ಟುಕೊಂಡಿದ್ದೀರಿ?

ಹೊಸನಗರ ತೋಟ:
ನಾವು ಇಟ್ಟುಕೊಂಡಿದ್ದೇವೆ. ಎಚ್‌ಎಫ್ ಕ್ರಾಸ್, ಅಂದರೆ ಹೋಲ್‌ಸ್ಟೀನ್ ಅನ್ನೋ ವಿದೇಶಿ ಹಾಲಿನ ಜಾತಿಯ ಮಿಶ್ರತಳಿ, ಐದು ವರ್ಷದ್ದು. ಸುತ್ತಲಿನ ಊರಿನವರೆಲ್ಲ ಗಬ್ಬ ಕಟ್ಟಿಸಲು ಹಸು ಹೊಡೆದುಕೊಂಡು ನಮ್ಮಲ್ಲಿಗೇ ಬರ್ತಾರೆ. ಆದರೆ ನಮ್ಮ ತಮ್ಮನ ಕಥೆ ಕೇಳಿ.

ಅವನಿಗೆ ಕೊಂಬು ತಾಗಲೇ ಇಲ್ಲ. ಹಣೆಯಲ್ಲಿ ಹೊಟ್ಟೆಯ ಎಡಭಾಗಕ್ಕೆ ಗುದ್ದಿತು, ಅಷ್ಟೇ. ಮೈಮೇಲೆ ಒಂದು ಗೀರು ಇರಲಿಲ್ಲ. ಎದ್ದು ಮಣ್ಣು ಕೊಡವಿಕೊಂಡು ಕಾಫಿ ಕುಡಿದ. ಸಂಜೆ ಹೊತ್ತಿಗೆ ಎಡ ಭುಜ ನೋವು ಅಂದ. ಮುಖ ಬಿಳಚಿತ್ತು, ಕೈ ತಣ್ಣಗಾಗಿ ಬೆವರುತ್ತಿತ್ತು. ಶಿವಮೊಗ್ಗಕ್ಕೆ ಹೊತ್ತೊಯ್ದಾಗ ಗೊತ್ತಾಯ್ತು, ಗುಲ್ಮ (ಹೊಟ್ಟೆಯ ಎಡಗಡೆ ಇರೋ ಸ್ಪ್ಲೀನ್) ಒಡೆದು ಹೊಟ್ಟೆ ತುಂಬ ರಕ್ತ. ಆಪರೇಷನ್, ರಕ್ತ, ಐಸಿಯು ಎಲ್ಲ ಸೇರಿ 1,86,000 ಆಯ್ತು. ಗುಲ್ಮ ತೆಗೆದಿದ್ದರಿಂದ ಈಗ ಜ್ವರ ಬಂದರೂ ತಡಮಾಡದೆ ಡಾಕ್ಟರ ಹತ್ತಿರ ಓಡಬೇಕು. ತಂಗಿ, ನಿಮ್ಮ ಅಪ್ಪನಿಗೆ ಹೊಟ್ಟೆ ಸ್ಕ್ಯಾನ್ ಮಾಡಿಸಿದ್ರಾ? ಪಕ್ಕೆಲುಬು ಎಡಗಡೆಯದಾದರೆ ಇವತ್ತೇ ಮಾಡಿಸಿ.

ಅದಾದ ಮೇಲೆ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಬೇಲಿ ಕಿತ್ತು ಕಬ್ಬಿಣದ ಕಟಕಟೆ ಮಾಡಿಸಿದೆವು. ಲೆಕ್ಕ ಬರೆದಿಟ್ಟಿದ್ದೇನೆ. ಎರಡು ಇಂಚಿನ ಜಿಐ ಪೈಪು 41,300. ವೆಲ್ಡರ್ ಕೂಲಿ 14,000. ನಮ್ಮಲ್ಲಿ ಕರೆಂಟ್ ನಿಲ್ಲಲ್ಲ, ಜನರೇಟರ್ ಬಾಡಿಗೆ 2,400. ಸಿಮೆಂಟ್ ಹನ್ನೆರಡು ಮೂಟೆ, 420ರಂತೆ 5,040. ಜಲ್ಲಿ, ಮರಳು 6,500. ಪಿಕಪ್ ಬಾಡಿಗೆ 3,500. ಗೇಟಿನ ಕೀಲು, ಚಿಲಕ 1,800. ಒಟ್ಟು 74,540. ಎರಡು ಮೂಲೆಯಲ್ಲಿ ಒಂದೂವರೆ ಅಡಿ ಸಂದು ಬಿಟ್ಟಿದ್ದೇವೆ. ಮನುಷ್ಯ ಅಡ್ಡ ತಿರುಗಿ ನುಸುಳಬಹುದು, ಹೋರಿಗೆ ಆಗಲ್ಲ. ಬಾನಿ ಹೊರಗಡೆಯಿಂದ ತುಂಬೋ ಹಾಗೆ ಇದೆ. ಹುಲ್ಲು ಹಾಕಲು, ನೀರು ಕೊಡಲು ಯಾರೂ ಒಳಗೆ ಕಾಲಿಡುವ ಹಾಗಿಲ್ಲ. ಇದು ನಮ್ಮ ಮನೆಯ ಕಾನೂನು.

ಸಾಗರ ಭಟ್ರು:
74 ಸಾವಿರ ಕಬ್ಬಿಣಕ್ಕೆ, ಲಕ್ಷದ ಮೇಲೆ ಆಸ್ಪತ್ರೆಗೆ. ಇಷ್ಟೆಲ್ಲ ಯಾಕೆ ಬೇಕಿತ್ತು ಅಂತ ನನಗೆ ನಿಜಕ್ಕೂ ಅರ್ಥ ಆಗ್ತಿಲ್ಲ. ನಾವು ಹೋರಿ ಸಾಕೋದನ್ನೇ ಬಿಟ್ಟೆವು. ಎಲ್ಲ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮೇಲೇ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಕೊಡಿಸೋದು, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಈಗ ಲಿಂಗ ವಿಂಗಡಿಸಿದ ವೀರ್ಯದ ಕಡ್ಡಿ ಬಂದಿದೆ, ನೂರಕ್ಕೆ ತೊಂಬತ್ತು ಹೆಣ್ಣು ಕರು. ಹೋರಿ ಕರು ಹುಟ್ಟೋದೇ ಅಪರೂಪ ಆದಮೇಲೆ ಹಾಯೋದು ಎಲ್ಲಿಂದ?

ಹೊಸನಗರ ತೋಟ:
ಭಟ್ರೇ, ನಿಮ್ಮ ಮನೆ ಡಾಂಬರ್ ರೋಡ್ ಪಕ್ಕ ಇರಬೇಕು. ನಮ್ಮದು ಆಷಾಢದಲ್ಲಿ ಹಳ್ಳ ಬಂದರೆ ಎರಡು ದಿನ ದಾಟಕ್ಕಾಗಲ್ಲ. ಬೆದೆ ಇರೋದೇ ಹೆಚ್ಚೆಂದರೆ ಒಂದು ದಿನ. ತಪ್ಪಿದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ಇಂಜೆಕ್ಷನ್ ನಂಬಿ ನಮ್ಮ ಕೆಂಪಿ ಒಂದು ವರ್ಷ ಗಬ್ಬ ನಿಲ್ಲಲಿಲ್ಲ. ದಿನಕ್ಕೆ ಒಂಬತ್ತು ಲೀಟರ್ ಕೊಡೋ ಹಸು. ಆ ನಷ್ಟ ಯಾರು ಕೊಡ್ತಾರೆ?

ಸಾಗರ ಭಟ್ರು:
ನಮ್ಮ ಮನೆ ಎಲ್ಲಿದೆ ಅಂತ ನಿಮಗೆ ಗೊತ್ತಿಲ್ಲ, ಸುಮ್ನೆ ಹೇಳಬೇಡಿ. ಶರಾವತಿ ಹಿನ್ನೀರಿನ ಆಚೆ, ಲಾಂಚ್ ದಾಟಿ ಬಂದಿದ್ದಾರೆ ಇಂಜೆಕ್ಷನ್ ಕೊಡುವವರು. ಪೆಟ್ರೋಲಿಗೆ ಅಂತ ಪ್ರತಿ ಸಲ 300 ಕೊಟ್ಟಿದ್ದೇನೆ. ನಮಗೂ ಗಬ್ಬ ನಿಲ್ಲದೆ ಹೋಗಿದೆ. ಆದರೆ ನಮ್ಮ ಮನೆಯ ಯಾರೂ ಆಪರೇಷನ್ ಟೇಬಲ್ ಮೇಲೆ ಮಲಗಿಲ್ಲ.

ಶಿಕಾರಿಪುರ ಹೋರಿ ಬಳಗ:
ಇಲ್ಲಿ ಎಲ್ಲರೂ ಹೋರಿ ಅಂದರೆ ರಾಕ್ಷಸ ಅನ್ನೋ ಹಾಗೆ ಬರೀತಿದ್ದೀರಿ. ನೋವಾಗುತ್ತೆ. ನಮ್ಮ ಹೋರಿ ದೀಪಾವಳಿ ಹಬ್ಬದಲ್ಲಿ ಕೊಬ್ಬರಿ ಸರ ಹಾಕಿಕೊಂಡು ಓಡುತ್ತೆ, ಜನರ ಮಧ್ಯೆ. ಮನೆಗೆ ಬಂದರೆ ನಮ್ಮ ಅತ್ತಿಗೆ ಕೈಯಿಂದ ರೊಟ್ಟಿ ತಿನ್ನುತ್ತೆ. ಅದಕ್ಕೆ ಹುರುಳಿ, ಹತ್ತಿಕಾಳು, ಹಿಂಡಿ, ಮೊಟ್ಟೆ. ಹಬ್ಬದ ಮುಂಚಿನ ತಿಂಗಳುಗಳಲ್ಲಿ ತಿಂಗಳಿಗೆ 9 ಸಾವಿರ ಮೇವಿಗೇ ಹೋಗುತ್ತೆ. ದಿನಾ ಕೆರೆಯಲ್ಲಿ ಈಜಿಸ್ತೇವೆ, ನಡೆಸ್ತೇವೆ. ವರ್ಷಪೂರ್ತಿ ಮೂರಡಿ ಹಗ್ಗದಲ್ಲಿ ಕಟ್ಟಿಹಾಕಿದರೆ ಯಾವ ಪ್ರಾಣಿಗಾದರೂ ಸಿಟ್ಟು ಬರಲ್ವಾ? ಹೋರಿ ಕೆಡೋದು ಕೊಟ್ಟಿಗೆಯಲ್ಲಿ.

ಸಾಗರ ಭಟ್ರು:
ದೀಪಾವಳಿ ಮುಗಿದ ಮೇಲೆ ಪೇಪರ್ ತೆಗೆದು ನೋಡಿ. ಹೋರಿ ಹಬ್ಬ ನೋಡಲು ಹೋಗಿ ಹಾಯಿಸಿಕೊಂಡು ಸತ್ತವರ ಸುದ್ದಿ ಬರುತ್ತೆ. ಓಡಿಸಿದವರದ್ದಲ್ಲ, ಪಕ್ಕದಲ್ಲಿ ನಿಂತವರದ್ದು.

ಶಿಕಾರಿಪುರ ಹೋರಿ ಬಳಗ:
2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಜಲ್ಲಿಕಟ್ಟು, ಕಂಬಳದ ಕಾನೂನು ಎತ್ತಿಹಿಡಿದಿದೆ. ನೀವು ಯಾರು ಕೇಳಕ್ಕೆ? ನಮ್ಮ ತಾತನ ಕಾಲದಿಂದ ಬಂದದ್ದು ಇದು.

ಹೊಸನಗರ ತೋಟ:
ಕೋರ್ಟ್ ಹೇಳಿದ್ದು ಕಾನೂನಿನ ಮಾತು. ಹೋರಿ ಹಾಯಲ್ಲ ಅಂತ ಕೋರ್ಟ್ ಹೇಳಿಲ್ಲ. ನಿಮ್ಮ ಹೋರಿಯ ಮೂಗುದಾರ ಹಿಡಿಯಕ್ಕೆ ನಾಲ್ಕು ಜನ ಗಟ್ಟಿ ಹುಡುಗರು ಇರ್ತಾರೆ. ಈ ತಂಗಿಯ ಮನೆಯಲ್ಲಿ ಇರೋದು ಇಬ್ಬರು ವಯಸ್ಸಾದವರು.

ಸೊರಬ, ನಿವೃತ್ತ ಪಶು ಪರೀಕ್ಷಕ:
ಜಗಳ ನಿಲ್ಲಿಸಿ. ಮೂವತ್ತು ವರ್ಷಕ್ಕಿಂತ ಜಾಸ್ತಿ ಇದೇ ಕೆಲಸ ಮಾಡಿದವನು ನಾನು. ಕಾಲುಬಾಯಿ ಜ್ವರದ ಲಸಿಕೆಗೆ ಆರು ತಿಂಗಳಿಗೊಮ್ಮೆ ಮನೆಮನೆ ತಿರುಗಿದ್ದೇನೆ. "ಏನೂ ಮಾಡಲ್ಲ ಸಾರ್, ಬನ್ನಿ, ನಮ್ಮದು ತುಂಬ ಸಾಧು" ಅಂದ ಮನೆಯಲ್ಲೇ ನನ್ನ ಜೊತೆಗಾರನ ತೊಡೆ ಮೂಳೆ ಮುರಿಯಿತು. ಕಾಲಿಗೆ ರಾಡ್ ಹಾಕಿದರು. ಅವರು ಕುಂಟುತ್ತಲೇ ನಿವೃತ್ತರಾದರು. ಆ ಮನೆಯವರು ಒಂದು ದಿನ ನೋಡಲೂ ಬರಲಿಲ್ಲ. ಅದು ನನಗೆ ಇವತ್ತಿಗೂ ಹೋಗಿಲ್ಲ.

ಬಾಟಲಿ ಹಾಲಿನ ಹೋರಿ ಬಗ್ಗೆ ಹೇಳ್ತೇನೆ. ಬೇರೆ ದನಗಳ ಜೊತೆ ಬಿಡದೆ ಒಂದನ್ನೇ ಜನರ ಮಧ್ಯೆ ಬೆಳೆಸಿದ ಗಂಡು ಕರು ಮನುಷ್ಯರನ್ನು ತನ್ನ ಹಿಂಡಿನವರು ಅಂದುಕೊಳ್ಳುತ್ತೆ. ಚಿಕ್ಕದಿದ್ದಾಗ ತಲೆ ಒತ್ತಿ ಗುದ್ದಾಡುತ್ತೆ, ಮನೆಯವರೂ ನಗ್ತಾ ಹಣೆ ತಳ್ಳಿ ಆಡ್ತಾರೆ. ಪ್ರಾಯಕ್ಕೆ ಬಂದ ಮೇಲೆ ಹಿಂಡಿನ ಯಜಮಾನ ಯಾರು ಅಂತ ತೀರ್ಮಾನ ಮಾಡಬೇಕಲ್ಲ? ಇನ್ನೊಂದು ಹೋರಿ ಜೊತೆ ಮಾಡಬೇಕಾದ ಕಾಳಗವನ್ನು ಅಪ್ಪನ ಜೊತೆ ಮಾಡುತ್ತೆ. ಹಿಂಡಿನಲ್ಲಿ ಬೆಳೆದದ್ದು ಮನುಷ್ಯನನ್ನು ಕಂಡರೆ ಸರಿದು ನಿಲ್ಲುತ್ತೆ. ಬಾಟಲಿ ಹಾಲಿನದ್ದು ಹಾಗೆ ಸರಿದು ನಿಲ್ಲಲ್ಲ. ಅದಕ್ಕೇ ಇಂಥದ್ದು ಹೆಚ್ಚು ಅಪಾಯ. ಹಾಲಿನ ಜಾತಿಯಲ್ಲಿ ಜೆರ್ಸಿ ಹೋರಿಯ ಸಿಟ್ಟಂತೂ ಹೆಸರಾದದ್ದು.

ಹಾಯುವ ಮುಂಚೆ ಅದು ಎದುರಿಗೆ ನಿಲ್ಲಲ್ಲ. ಅಡ್ಡ ನಿಲ್ಲುತ್ತೆ. ಬೆನ್ನು ಕಮಾನು ಮಾಡಿ, ಕುತ್ತಿಗೆ ಉಬ್ಬಿಸಿ, ತಲೆ ತಗ್ಗಿಸಿ ತನ್ನ ಪಕ್ಕೆ ತೋರಿಸುತ್ತೆ. "ನಾನು ಎಷ್ಟು ದೊಡ್ಡವನು ನೋಡು" ಅಂತ. ಕಣ್ಣುಗುಡ್ಡೆ ಹೊರಗೆ ಬಂದ ಹಾಗೆ ಕಾಣುತ್ತೆ. ಆಮೇಲೆ ಗುಟುರು, ಮುಂಗಾಲಲ್ಲಿ ಮಣ್ಣು ಕೆದರೋದು, ಕೊಂಬಲ್ಲಿ ದರೆ ಮಣ್ಣು ಎರಚೋದು. ಅಡ್ಡ ನಿಂತಾಗಲೇ ಹಿಂದೆ ಸರಿಯಬೇಕು. ಬೆನ್ನು ತಿರುಗಿಸಬಾರದು, ಓಡಬಾರದು, ಅದರ ಮೇಲೇ ಕಣ್ಣಿಟ್ಟು ಹೆಜ್ಜೆ ಹೆಜ್ಜೆ ಹಿಂದಕ್ಕೆ. ಕೈಯಲ್ಲಿ ಹೆಡಿಗೆಯೋ (ಬುಟ್ಟಿ) ಟವೆಲೋ ಇದ್ದರೆ ಅದರ ಕಡೆ ಎಸೆದು ಬೇಲಿ ದಾಟಬೇಕು. ಬಿದ್ದವರನ್ನು ಅದು ಬಿಡಲ್ಲ. ಹಣೆಯಲ್ಲಿ ನೆಲಕ್ಕೆ ಒತ್ತುತ್ತೆ, ಮಂಡಿ ಊರುತ್ತೆ. ಸಾಯೋದು ಹೆಚ್ಚಾಗಿ ಹಾಗೇ.

ಬೀಜ ಒಡೆಸುವ ವಿಷಯ. ಬೀಜದ ನರ ಹಿಸುಕುವ ಬರ್ಡಿಜೋ ಇಕ್ಕಳದಲ್ಲಿ ಆರು ತಿಂಗಳ ಒಳಗೇ ಮಾಡಿಸಿದ್ದರೆ ಈ ಮಾತೇ ಬರ್ತಿರಲಿಲ್ಲ. ಮೂರು ವರ್ಷಕ್ಕೂ ಮಾಡಬಹುದು, ಆದರೆ ಡಾಕ್ಟರೇ ಮಾಡಬೇಕು, ಮರಗಟ್ಟಿಸಿ. ಸಿಟ್ಟು ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಒಮ್ಮೆ ಮನುಷ್ಯನನ್ನು ಒತ್ತಿ ಗೆದ್ದ ಬುದ್ಧಿ ಪೂರ್ತಿ ಹೋಗಲ್ಲ. ಮಾಡಿಸಿದ ಮೊದಲ ಒಂದೂವರೆ ತಿಂಗಳು ಹಸುಗಳ ಜೊತೆ ಬಿಡಬೇಡಿ, ಗಬ್ಬ ಕಟ್ಟಿಸಬಹುದು.

ಕೊಪ್ಪದ ಅಕ್ಕ:
ಎಲ್ಲರೂ ಜೆರ್ಸಿ, ಎಚ್‌ಎಫ್ ಅಂತಲೇ ಹೇಳ್ತಿದ್ದೀರಿ. ನನಗೆ ಹಾಯ್ದದ್ದು ಮಲೆನಾಡು ಗಿಡ್ಡ, ನಮ್ಮ ನಾಡಿನ ಕುಳ್ಳ ತಳಿ. ನನ್ನ ಸೊಂಟಕ್ಕಿಂತ ಸ್ವಲ್ಪ ಎತ್ತರ, ಅಷ್ಟೇ. ಗಿಡ್ಡ ತಳಿಗೆ 2012ರಲ್ಲಿ ಮಾನ್ಯತೆ ಸಿಕ್ಕಿದ ಮೇಲೆ ಎಲ್ಲರೂ ಹಾಡಿ ಹೊಗಳ್ತಾರೆ. ನಾನೂ ಹೊಗಳ್ತೇನೆ, ಈಗಲೂ ಅದನ್ನೇ ಸಾಕ್ತಿದ್ದೇನೆ, ಬೇರೆ ತಳಿ ಬೇಡವೇ ಬೇಡ. ಆದರೆ ಅದರ ಕೊಂಬು ಚೂಪು, ಕಾಲು ಚುರುಕು. ಬೇಣದಲ್ಲಿ (ಹುಲ್ಲುಗಾವಲು) ಹಸು ಬೆದೆಗೆ ಬಂದಿತ್ತು. ಉಣಗೋಲು (ಬೇಲಿ ಬಾಗಿಲಿನ ಅಡ್ಡಗಳು) ತೆಗೆಯಕ್ಕೆ ಹೋದೆ. ಹಸುವಿಗೂ ಹೋರಿಗೂ ಮಧ್ಯೆ ನಿಂತ ಹಾಗಾಯ್ತು. ತೊಡೆಯೊಳಗೆ ಕೊಂಬು ನುಗ್ಗಿತು.

ಹೊರಗೆ ಕಾಣೋ ತೂತು ಒಂದು ರೂಪಾಯಿ ನಾಣ್ಯದಷ್ಟು. ಮೊದಲು ನೋಡಿದ ಆಸ್ಪತ್ರೆಯಲ್ಲಿ ಮೇಲೆ ಹೊಲಿಗೆ ಹಾಕಿ ಕಳಿಸಿದರು. ಒಳಗೆ ಸೆಗಣಿ ಮಣ್ಣು ಹಾಗೇ ಉಳಿದು ಕೀವಾಯ್ತು. ಮತ್ತೆ ಬಿಡಿಸಿ, ತೊಳೆದು, ಬಾಯಿ ತೆರೆದೇ ಇಟ್ಟು ಡ್ರೆಸ್ಸಿಂಗ್. ಒಂದು ಡ್ರೆಸ್ಸಿಂಗಿಗೆ 450, ಆಟೋ 600, ದಿನ ಬಿಟ್ಟು ದಿನ. ಅಡಿಕೆ ಕೊಯ್ಲು ಅದೇ ಹೊತ್ತಿಗೆ. ಸುಲಿಯುವವರಿಗೆ ಅಡುಗೆ ಮಾಡಕ್ಕೆ ಜನ ಇಟ್ಟೆವು, ಅವರಿಗೆ ಬೇರೆ ಕೂಲಿ. ಧನುರ್ವಾಯು ಇಂಜೆಕ್ಷನ್ ಮಾತ್ರ ಯಾರೂ ಮರೀಬೇಡಿ. ಕೊಂಬಿನ ಗಾಯ ಎಷ್ಟು ಚಿಕ್ಕದಾದರೂ ಆಳ ನೋಡಿಸಿ.

ಇನ್ನೊಂದು. ದನಕ್ಕೆ ಮಾಡಿಸಿದ ವಿಮೆ ದನಕ್ಕೇ, ಹಾಯಿಸಿಕೊಂಡವರಿಗಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಇದೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಆದರೆ 70 ವರ್ಷದವರೆಗೆ ಮಾತ್ರ. ಅಪ್ಪನಿಗೆ 68 ಅಂದ್ರಲ್ಲ, ಅದಕ್ಕೇ ಹೇಳಿದೆ.

ರಿಪ್ಪನ್‌ಪೇಟೆ ಗೌಡ:
ಯಾರಿಗಾದರೂ ಕೊಡೋದಾ ಅಂತ ಕೇಳಿದ್ದಾರೆ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಯಾರಿಗೆ ಕೊಡ್ತೀರಿ? 2020ರ ಗೋಹತ್ಯೆ ನಿಷೇಧ ಕಾನೂನು ಬಂದಮೇಲೆ ಹೋರಿ, ಎತ್ತು, ಹಸು ಯಾವುದನ್ನೂ ಕಡಿಯೋ ಹಾಗಿಲ್ಲ. 13 ವರ್ಷ ದಾಟಿದ ಎಮ್ಮೆ ಕೋಣ ಮಾತ್ರ. ಅದರಿಂದ ಸಾಕುವವರ ಬಿಟ್ಟು ಬೇರೆ ಯಾರೂ ಹೋರಿ ಕೊಳ್ಳಲ್ಲ. ಹಾಯೋ ಹೋರಿ ಅಂತ ಗೊತ್ತಾದರೆ ಸಾಕುವವರೂ ಇಲ್ಲ. ನಾನು ಒಂದು ಗೋಶಾಲೆಗೆ ಕೇಳಿದೆ. ಜಾಗ ಇಲ್ಲ ಅಂದರು. ಇನ್ನೊಂದು ಕಡೆ ಮೇವಿನ ಖರ್ಚು ಅಂತ 15 ಸಾವಿರ ಕೇಳಿದರು, ಗಾಡಿ ಬಾಡಿಗೆ ನಮ್ಮದೇ. ಕೊಟ್ಟೆ. ಬೇರೆ ದಾರಿ ಇರಲಿಲ್ಲ. ನಮ್ಮ ಊರಲ್ಲಿ ಕೆಲವರು ರಾತ್ರಿ ಹೊತ್ತು ಕಾಡಂಚಿಗೆ ಬಿಟ್ಟು ಬರ್ತಾರೆ. ಅದು ಇನ್ನೊಬ್ಬರ ಗದ್ದೆಗೆ ಇಳಿಯುತ್ತೆ, ಹೈವೇಯಲ್ಲಿ ಬೈಕಿಗೆ ಅಡ್ಡ ಬರುತ್ತೆ.

ಸಾಗರ ಭಟ್ರು:
ಗೋಶಾಲೆಯವರು 15 ಸಾವಿರ ಕೇಳಿದ್ದರಲ್ಲಿ ತಪ್ಪೇನು? ಒಂದು ಹೋರಿ ವರ್ಷಕ್ಕೆ ಎಷ್ಟು ಹುಲ್ಲು ತಿನ್ನುತ್ತೆ ಅಂತ ನಿಮಗೆ ಗೊತ್ತಲ್ಲ. ಜೀವ ಸಾಕಿದ ಮೇಲೆ ಕಡೆತನಕ ಅದರ ಹೊಣೆ ನಮ್ಮದೇ. ಕಾನೂನನ್ನು ಬೈಯಬೇಡಿ.

ರಿಪ್ಪನ್‌ಪೇಟೆ ಗೌಡ:
ನಾನು ಬೈದಿದ್ದು ಎಲ್ಲಿ ಭಟ್ರೇ? ಹೋರಿ ಸಾಕೋದನ್ನು ಬಿಟ್ಟೆ ಅಂತೀರಿ. ನಿಮ್ಮ ಕೊಟ್ಟಿಗೆಯಲ್ಲಿ ಮೊದಲು ಹುಟ್ಟಿದ ಗಂಡು ಕರುಗಳು ಎಲ್ಲಿ ಹೋದವು? ಅದನ್ನು ಬರೆಯಿರಿ.

ಸಾಗರ ಭಟ್ರು:
ನಾಲ್ಕು ಎತ್ತು ಮಾಡಿ ಉಳುವವರಿಗೆ ಕೊಟ್ಟಿದ್ದೇನೆ. ಒಂದು ನಮ್ಮಲ್ಲೇ ಮುದಿಯಾಗಿ ಸತ್ತಿದೆ, ತೆಂಗಿನ ಬುಡದಲ್ಲಿ ಹೂಳಿದ್ದೇನೆ. ಬಂದು ನೋಡಿ ಬೇಕಾದರೆ.

ಸೊರಬ, ನಿವೃತ್ತ ಪಶು ಪರೀಕ್ಷಕ:
ಇಬ್ಬರೂ ಸಾಕು. ತಂಗಿ, ಸ್ಕ್ಯಾನ್ ಏನಾಯ್ತು?

ತೀರ್ಥಹಳ್ಳಿ ಹುಡುಗಿ:
ಸ್ಕ್ಯಾನ್ ಮಾಡಿಸಿದೆವು ಸಾರ್. ಒಳಗೆ ಏನೂ ಆಗಿಲ್ಲ. ಬಲಗಡೆಯ ಪಕ್ಕೆಲುಬೇ. ಅಡ್ಡ ನಿಲ್ಲುವ ಲಕ್ಷಣ ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಹಾಗೇ ನಿಂತಿತ್ತು" ಅಂದರು. ಡಾಕ್ಟರು ಸೋಮವಾರ ಬರ್ತಾರೆ ಬೀಜ ಒಡೆಯಲು. ಕಟಕಟೆಗೆ ಅಪ್ಪ ಅಡಿಕೆ ದಬ್ಬೆ ಸಾಕು ಅಂತಿದ್ದಾರೆ. ಸೋಮವಾರದ ತನಕ ಕಲಗಚ್ಚು (ಅಕ್ಕಿ ತೊಳೆದ ನೀರು, ಅಡುಗೆಮನೆಯ ಉಳಿಕೆ) ಕೊಡೋದು ಹೇಗೆ? ಅಮ್ಮ ಬಕೆಟ್ ಹಿಡಿದು ಹತ್ತಿರ ಹೋಗ್ತಿದ್ದಾರೆ.

ಹೊಸನಗರ ತೋಟ:
ಅಮ್ಮನನ್ನು ಇವತ್ತಿನಿಂದಲೇ ನಿಲ್ಲಿಸಿ. ಗೋಡೆಯಲ್ಲಿ ಕಿಂಡಿ ಇದ್ದರೆ ಹೊರಗಿನಿಂದ ಪೈಪ್ ಇಟ್ಟು ಬಾನಿಗೆ ಸುರಿಯಿರಿ. ಹುಲ್ಲು ಅಟ್ಟದಿಂದ ಕೆಳಗೆ ಹಾಕಿ. ಮೂಗುದಾರ ಒಂದನ್ನೇ ನಂಬಬೇಡಿ, ಕೊಂಬಿಗೂ ಬೇರೆ ಹಗ್ಗ ಇರಲಿ, ಎರಡೂ ಎರಡು ಕಂಬಕ್ಕೆ. ಹಗ್ಗ ಹಾಕಕ್ಕೆ ನಿಮ್ಮ ಅಪ್ಪ ಹೋಗೋದು ಬೇಡ, ಊರಲ್ಲಿ ಎತ್ತು ಕಟ್ಟಿ ರೂಢಿ ಇರೋ ಇಬ್ಬರನ್ನು ಕರೀರಿ. ದಬ್ಬೆ ಬೇಡ ಅಂತ ಅಪ್ಪನಿಗೆ ಹೇಳಿ. ನಮ್ಮ ಬೇಲಿಯನ್ನು ಅದು ಒಂದೇ ಸಲ ಒರಗಿ ಮುರಿದದ್ದು. ವೆಲ್ಡರ್ ನಂಬರ್ ಬೇಕಾದರೆ ಕೇಳಿ, ಕಳಿಸ್ತೇನೆ.

ಶಿಕಾರಿಪುರ ಹೋರಿ ಬಳಗ:
ಬೀಜ ಒಡೆದ ಮೇಲೆ ಕೊಡೋದಿದ್ದರೆ ನಮಗೆ ಹೇಳಿ. ಗಾಡಿಗೆ ಪಳಗಿಸುವವರು ನಮ್ಮ ಕಡೆ ಇದ್ದಾರೆ. ಗಾಡಿ ಬಾಡಿಗೆ ನಾವೇ ಕೊಡ್ತೇವೆ.